ಪಾವತಿ ಮಧ್ಯವರ್ತಿಗಳ ಪ್ರಭುತ್ವವೂ ಕ್ರಿಪ್ಟೋ ನಾಣ್ಯವೂ

ಹಿನ್ನೆಲೆ: ಅಂತರ್ಜಾಲದ ವಿಷಯವನ್ನು ನಿರ್ಬಂಧಿಸುವ ಅಧಿಕಾರವು ಶಾಸನಕ್ಕೂ ನ್ಯಾಯಾಲಯಕ್ಕೂ ಮಾತ್ರ ಸೇರಿದುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ, ಹಣದ ಪ್ರವಾಹವನ್ನು ತಡೆಯಬಲ್ಲ ಪಾವತಿ ಸಂಸ್ಥೆಗಳು ಅದೇ ಫಲವನ್ನು ನ್ಯಾಯವಿಚಾರಣೆಯಿಲ್ಲದೆಯೇ ಸಾಧಿಸಬಲ್ಲವೆಂಬುದು, 2010ರ ಡಿಸೆಂಬರಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್‌ಗಳು ರಹಸ್ಯ ದಾಖಲೆಗಳನ್ನು ಪ್ರಕಟಿಸುವ ವಿಕಿಲೀಕ್ಸ್ ಜಾಲತಾಣಕ್ಕೆ ಸಲ್ಲುತ್ತಿದ್ದ ದೇಣಿಗೆಯನ್ನು ಸ್ಥಗಿತಗೊಳಿಸಿದಾಗ ವಿದಿತವಾಯಿತು; 2011ರಲ್ಲಿ ವಿಕಿಲೀಕ್ಸ್, ಪಾವತಿ ಸಂಸ್ಥೆಗಳ ಮಧ್ಯಸ್ಥಿಕೆ ಬೇಡದ ಬಿಟ್‌ಕಾಯಿನ್ ಎಂಬ ಕ್ರಿಪ್ಟೋ ನಾಣ್ಯದಲ್ಲಿ ದೇಣಿಗೆಯನ್ನು ಸ್ವೀಕರಿಸತೊಡಗಿತು.

ಕರ್ನಾಟಕದ ನಿದರ್ಶನ: ಮಧ್ಯವರ್ತಿಯ ಹಂಗಿಲ್ಲದ ಈ ನಾಣ್ಯವೂ ರೂಪಾಯಿಯಾಗಿ ಪರಿವರ್ತಿತವಾಗುವಲ್ಲಿ ಬ್ಯಾಂಕಿಗೇ ಅಧೀನವೆಂಬುದನ್ನು ಬೆಂಗಳೂರಿನ ಕ್ರಿಪ್ಟೋ ವಿನಿಮಯ ಸಂಸ್ಥೆಯಾದ ಯುನೊಕಾಯಿನ್‌ನ ವೃತ್ತಾಂತವು ತೋರುತ್ತದೆ. ಕ್ರಿಪ್ಟೋ ವ್ಯವಹಾರಸ್ಥರಿಗೆ ಬ್ಯಾಂಕುಗಳು ಸೇವೆ ಸಲ್ಲಿಸಕೂಡದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಲು, ಯುನೊಕಾಯಿನ್ ಅಕ್ಟೋಬರಿನಲ್ಲಿ ಬೆಂಗಳೂರಿನ ವಾಣಿಜ್ಯ ಸಂಕೀರ್ಣವೊಂದರಲ್ಲಿ, ಬ್ಯಾಂಕಿನ ನೆರವಿಲ್ಲದೆ ಗ್ರಾಹಕರು ಹಣ ಕಟ್ಟಲೂ ಪಡೆಯಲೂ ಅನುವಾಗುವಂತೆ, ನಗದು ಯಂತ್ರವನ್ನು ಸ್ಥಾಪಿಸಿತು. ಪೊಲೀಸರು ಅದನ್ನು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು, ನಿರ್ಬಂಧವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕೆಂಬ ಅನುಪಾತತತ್ತ್ವವನ್ನು ಆಶ್ರಯಿಸಿ, ಸಂವಿಧಾನದಲ್ಲಿನ ವೃತ್ತಿಸ್ವಾತಂತ್ರ್ಯದ 19(1)(ಜಿ) ವಿಧಿಗೆ ವಿರುದ್ಧವೆಂದು ಆ ಸುತ್ತೋಲೆಯನ್ನು ರದ್ದುಗೊಳಿಸಿತು.

ಸ್ಮರಣೀಯ ಅಂಶಗಳು:
1. ಭಾರತದಲ್ಲಿ ಕ್ರಿಪ್ಟೋ ನಾಣ್ಯವು ಶಾಸನಬದ್ಧ ಚಲಾವಣೆಯ ಹಣವಲ್ಲ. ಆದರೂ 2022ರ ಏಪ್ರಿಲ್ 1ರಿಂದ ಅದರ ಲಾಭದ ಮೇಲೆ ಶೇ. 30 ತೆರಿಗೆಯೂ, ಜುಲೈ 1ರಿಂದ ವರ್ಗಾವಣೆಯ ಮೇಲೆ ಶೇ. 1 ಮೂಲದಲ್ಲಿ ತೆರಿಗೆ ಕಡಿತವೂ ಜಾರಿಯಲ್ಲಿವೆ.
2. 2022ರ ಡಿಸೆಂಬರ್ 1ರಂದು ಚಿಲ್ಲರೆ ಪ್ರಯೋಗವಾಗಿ ಆರಂಭವಾದ ಡಿಜಿಟಲ್ ರೂಪಾಯಿಯು ರಿಸರ್ವ್ ಬ್ಯಾಂಕಿನದೇ ಹಣವಾದುದರಿಂದ ಕ್ರಿಪ್ಟೋ ವರ್ಗಕ್ಕೆ ಸೇರದು.
3. ಪಾವತಿಯನ್ನು ತಡೆಯುವ ಇದೇ ಮಾರ್ಗವನ್ನು ಶಾಸನವೂ ಅನುಸರಿಸಿದೆ: ಹಣದ ಆನ್‌ಲೈನ್ ಆಟಗಳಿಗೆ ಬ್ಯಾಂಕುಗಳು ಪಾವತಿ ನೆರವು ನೀಡುವುದನ್ನು 2025ರ ಕೇಂದ್ರ ಅಧಿನಿಯಮವು ನಿಷೇಧಿಸಿದೆ.