ಓತಿಯ ಮನೆಗೆ ಯಾವ ಮರ?

ಮಕ್ಕಳೇ, ಬೇಲಿಯ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತನನ್ನು ನೀವೆಲ್ಲ ನೋಡಿದ್ದೀರಿ. ಅದರ ದೂರದ ನೆಂಟ ಆಸ್ಟ್ರೇಲಿಯಾದಲ್ಲಿದೆ. ಗಂಟಲ ಕೆಳಗೆ ಮುಳ್ಳುಮುಳ್ಳಾದ ಗಡ್ಡವಿರುವುದರಿಂದ ಅದಕ್ಕೆ ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಇದನ್ನು ಮನೆಯಲ್ಲಿ ಸಾಕುತ್ತಾರೆ. ಅದಕ್ಕೊಂದು ಮರದ ಪೆಟ್ಟಿಗೆ, ಮುಂದೆ ಗಾಜು. ಯಾವ ಮರವಾದರೂ ಆದೀತೇ?

ಸರೀಸೃಪಗಳು ನಮ್ಮಂತೆ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಲಾರವು. ಅದಕ್ಕಾಗಿ ಪೆಟ್ಟಿಗೆಯ ಒಂದು ಮೂಲೆಗೆ ದೀಪ ಹಾಕಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಶಾಖ ಹೆಚ್ಚಿದಷ್ಟೂ ಮರದೊಳಗಿನ ಸುವಾಸನೆಯ ಎಣ್ಣೆ ಬೇಗ ಆವಿಯಾಗುತ್ತದೆ. ಆ ಗಾಳಿಯನ್ನೇ ಪ್ರಾಣಿ ಹಗಲಿರುಳೂ ಉಸಿರಾಡಬೇಕು. ನಮಗೆ ಕಫ ಕಟ್ಟಿದರೆ ಕೆಮ್ಮಿ ಹೊರಹಾಕುತ್ತೇವೆ. ಓತಿಗೆ ನಮ್ಮಂತೆ ವಪೆ ಇಲ್ಲ. ಹಾಗೆ ಜೋರಾಗಿ ಕೆಮ್ಮಲಾರದು.

ಸೀಡರ್ ಮರ ಘಮಘಮಿಸುತ್ತದೆ. ಉಣ್ಣೆ ಬಟ್ಟೆಗೆ ನುಸಿ ಹತ್ತದಿರಲೆಂದು ಅದರ ಪೆಟ್ಟಿಗೆ ಮಾಡಿಸುತ್ತಾರೆ. ನಾವು ಕಾಳಿಗೆ ಬೇವಿನ ಸೊಪ್ಪು ಹಾಕುವುದಿಲ್ಲವೇ, ಹಾಗೆ. ಹುಳುವನ್ನು ದೂರವಿಡುವ ಮರ ಓತಿಗೂ ಒಗ್ಗದು. ಕೆಂಪು ಸೀಡರ್ ಕೊಯ್ಯುವ ಕಾರ್ಮಿಕರಿಗೇ ಅದರ ಧೂಳಿನ ಪ್ಲಿಕ್ಯಾಟಿಕ್ ಆಮ್ಲದಿಂದ ಆಸ್ತಮಾ ಬರುವುದುಂಟು! ರಾಳ ಒಸರುವ ಹಸಿ ಪೈನ್ ಕೂಡ ಬೇಡ. ಓಕ್, ಬರ್ಚ್, ಆಸ್ಪೆನ್ ಮರಗಳು ಆಗುತ್ತವೆ.

ಹಳೆಯ ಹಲಗೆ ಹಸಿರು ಛಾಯೆಯದಾಗಿದ್ದರೆ ಎಚ್ಚರ. ಗೆದ್ದಲು ಹಿಡಿಯದಿರಲೆಂದು ಅದಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿರಬಹುದು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಗೆ ಇಂಥ ಮರ ತಯಾರಿಸುವುದನ್ನು ನಿಲ್ಲಿಸಿದರು. ಆರ್ಸೆನಿಕ್ ವಿಷವೆಂಬುದು ನಿಮಗೆ ಗೊತ್ತೇ ಇದೆ. ಪ್ಲೈವುಡ್ಡಿನ ಅಂಟಿನಿಂದಲೂ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬರಬಹುದು. ಅದಕ್ಕೇ ಕೊಯ್ದ ಅಂಚುಗಳಿಗೂ ನೀರಿನಲ್ಲಿ ಕದಡುವ ವಾರ್ನಿಷ್ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸುತ್ತಾರೆ. ಅವಸರ ಮಾಡಿದರೆ ಒಳ್ಳೆಯ ಮರ ಆರಿಸಿಯೂ ಪ್ರಯೋಜನವಿಲ್ಲ.

ಇದನ್ನೋದಿ ಹೊಲದಲ್ಲಿ ಕಂಡ ನಕ್ಷತ್ರ ಆಮೆಗೆ ಪೆಟ್ಟಿಗೆ ಮಾಡಲು ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದು ಸಾಕುವುದು ಅಪರಾಧ. ಇದ್ದಲ್ಲೇ ಬಿಟ್ಟು, ದೂರದಿಂದ ನೋಡಿ.

ಮಾಡಿ ನೋಡಿ: ಒಂದೇ ಗಾತ್ರದ ಎರಡು ಕರ್ಪೂರದ ಬಿಲ್ಲೆ ತೆಗೆದುಕೊಳ್ಳಿ. ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ನೆರಳಿನಲ್ಲಿ ತಟ್ಟೆಯ ಮೇಲಿಡಿ. ಬಾಯಿಗೆ ಹಾಕಬೇಡಿ. ಎರಡೂ ಕಡೆ ಗಾಳಿ ಒಂದೇ ರೀತಿ ಬೀಸುವಂತಿರಲಿ. ಏಕೆ? ಯಾವುದು ಮೊದಲು ಕರಗಿತು? ಗಂಟೆಗೊಮ್ಮೆ ನೋಡಿ ಬರೆದಿಡಿ.