ಬಿಳಿನೊಣಕ್ಕಿಂತ ಮೊದಲು ನೀವು ಎಚ್ಚರಾಗಿ

ಟೊಮೆಟೊ ಬೆಳೆಯುವ ರೈತ ಬಂಧುಗಳೇ, ಎಲೆ ಮುದುರಿ ಗಿಡ ಗಿಡ್ಡವಾದ ಮೇಲೆ ಯಾವ ಔಷಧಿ ಹೊಡೆದರೂ ಅದು ಚೇತರಿಸಿಕೊಳ್ಳದು. ಎಲೆ ಮುದುರಿಸುವ ನಂಜಾಣುವಿಗೆ ಮದ್ದಿಲ್ಲ. ಅದನ್ನು ಹೊತ್ತು ತರುವುದು ಎಲೆಯಡಿ ಕೂರುವ ಪುಟ್ಟ ಬಿಳಿನೊಣ. ರೋಗದ ಗಿಡದ ರಸ ಹೀರಿದ ನೊಣ, ಮುಂದೆ ಕೂತ ಗಿಡಗಳಿಗೆಲ್ಲ ದಿನಗಟ್ಟಲೆ ನಂಜು ಹಂಚುತ್ತದೆ.

ಆದ್ದರಿಂದ ಸಸಿಮಡಿಯಲ್ಲೇ ಕಾವಲು ಶುರುವಾಗಲಿ. ಮಡಿಗೆ 40ರಿಂದ 50 ಮೆಶ್‌ನ ನೈಲಾನ್ ಪರದೆ ಹೊದಿಸಿ. ನಾಟಿಗೆ ಮುಂಚೆಯೇ ಹೊಲದ ಸುತ್ತ ಮೆಕ್ಕೆಜೋಳ ಬಿತ್ತಿ; ಹಳದಿ ಅಂಟುಬಲೆ ಕಟ್ಟಿ. ಹಳೆಯ ಟೊಮೆಟೊ ತಾಕಿನ ಪಕ್ಕ ಹೊಸ ಸಸಿ ನೆಡಬೇಡಿ. ಕಳೆ ಬೆಳೆಯಲು ಬಿಡಬೇಡಿ, ನಂಜು ಅಲ್ಲೂ ಅಡಗಿರುತ್ತದೆ. ಮುದುರಿದ ಮೊದಲ ಗಿಡ ಕಂಡ ದಿನವೇ ಕಿತ್ತು ಸುಟ್ಟುಬಿಡಿ. ಒಂದು ಗಿಡದ ಮೇಲಿನ ಮರುಕ ಇಡೀ ಹೊಲಕ್ಕೆ ಮುಳುವಾದೀತು.