ಮಕ್ಕಳು ಕಡಲಾಳಕ್ಕೆ ಇಳಿಯುವ ಮುನ್ನ

ಪರೀಕ್ಷೆ ಮುಗಿದಿದೆ. ‘ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡೋಣ ಅಪ್ಪಾ’ ಎಂದು ಮಗಳು ಹಟ ಹಿಡಿದಿದ್ದಾಳೆಯೇ? ಒಮ್ಮೆಲೇ ‘ಬೇಡ’ ಎನ್ನಬೇಡಿ. ಹಾಗೆಂದು ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪದ ಸುತ್ತ ಹವಳ, ಬಣ್ಣಬಣ್ಣದ ಮೀನುಗಳಿವೆ. ಸದಾ ಮೊಬೈಲ್ ಹಿಡಿದು ಕೂರುವ ಮಕ್ಕಳನ್ನು ಈಜು, ವ್ಯಾಯಾಮ, ಶಿಸ್ತಿನತ್ತ ಒಲಿಸಲು ಇದೊಂದು ಒಳ್ಳೆಯ ದಾರಿ. ಆದರೆ ನೀರಿನೊಳಗೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಉಸಿರು ಕಟ್ಟಬಾರದು

ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ 3 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 6 ಲೀಟರಿನಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೆ ಹೋಗಬಹುದು. ಆದ್ದರಿಂದ ಮೊದಲ ಪಾಠ: ಉಸಿರಾಡುತ್ತಲೇ ಇರಬೇಕು, ನಿಧಾನವಾಗಿ ಮೇಲೇರಬೇಕು. ಗಾಬರಿಯಲ್ಲಿಯೂ ಇದನ್ನು ಮರೆಯದಷ್ಟು ಅಭ್ಯಾಸ ಬೇಕು. ಅದು ಈಜುಕೊಳದಲ್ಲಿಯೇ ಆಗಲಿ.

ಕಿವಿ, ಮೂಗು

ಕೆಳಗಿಳಿಯುವಾಗ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಬೇಕು. ಜೋರಾಗಿ ಊದಬಾರದು. ಕಿವಿ ತೆರೆಯದಿದ್ದರೆ ತುಸು ಮೇಲೆ ಬರಬೇಕು. ನೆಗಡಿ ಇದ್ದ ದಿನ ನೀರಿಗಿಳಿಸಬೇಡಿ. ಮೂಗು ಬಿಡಿಸುವ ಮಾತ್ರೆ ನುಂಗಿಸಿ ಇಳಿಸುವುದೂ ಸರಿಯಲ್ಲ. ಅದರ ಪ್ರಭಾವ ಆಳದಲ್ಲಿ ಇಳಿದರೆ ಕಿವಿ, ಸೈನಸ್‌ಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ.

ಮನೆಗೆ ಹಿಂತಿರುಗುವಾಗ

ಆಳದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಅವಸರದಲ್ಲಿ ಎತ್ತರಕ್ಕೆ ಹೋದರೆ ಅದು ಗುಳ್ಳೆಗಟ್ಟಿ ಕೀಲುನೋವು, ಜೋಮು, ತಲೆಸುತ್ತು ಬರಬಹುದು. ಮುಳುಗಿದ ನಂತರ 18 ಗಂಟೆ ವಿಮಾನ ಹತ್ತದಿರುವುದು ಕ್ಷೇಮ. ಘಟ್ಟ ಹತ್ತುವುದೂ ಎತ್ತರಕ್ಕೆ ಹೋದಂತೆಯೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಅದೇ ಸಂಜೆಯ ಬಸ್ಸಿಗೆ ಮುಂಗಡ ಟಿಕೆಟ್ ಮಾಡಿಸುವ ಬದಲು ಒಂದು ರಾತ್ರಿ ಕರಾವಳಿಯಲ್ಲೇ ತಂಗಿ. ಮೇಲೆ ಹೇಳಿದ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಸ್ಕೂಬಾ ಮಾಡಿದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಯಾರಿಗೆ ಬೇಡ?

ಪ್ಯಾಡಿ ಸಂಸ್ಥೆಯ ನಿಯಮದಂತೆ ಸಮುದ್ರದ ತರಬೇತಿಗೆ ಕನಿಷ್ಠ 10 ವರ್ಷವಾಗಿರಬೇಕು. 10-11ರ ಮಕ್ಕಳು 12 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ. ಆಸ್ತಮಾ, ಫಿಟ್ಸ್, ಹೃದಯದ ತೊಂದರೆ, ತಮಟೆಯಲ್ಲಿ ತೂತು ಅಥವಾ ಕಿವಿ ಸೋರುವ ಕಾಯಿಲೆ ಇದ್ದರೆ ವೈದ್ಯರು ಪರೀಕ್ಷಿಸಿ ಒಪ್ಪುವ ತನಕ ಬೇಡವೇ ಬೇಡ. ಹಣ ಕಟ್ಟಿಯಾಗಿದೆಯೆಂದು ಆರೋಗ್ಯದ ಫಾರಂನಲ್ಲಿ ಕಾಯಿಲೆ ಮುಚ್ಚಿಡಬೇಡಿ.

ಇನ್ನೊಂದು ಮಾತು. ದೋಣಿಯಲ್ಲಿ ಕುಳಿತ ಮಗು ‘ನನಗೆ ಭಯ, ಬೇಡ’ ಎಂದರೆ ನಕ್ಕು ಹೀಯಾಳಿಸಬೇಡಿ, ಒತ್ತಾಯವನ್ನೂ ಮಾಡಬೇಡಿ. ಹೆದರಿದವರ ಉಸಿರು ತಾಳ ತಪ್ಪುತ್ತದೆ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವರ್ಷ ಮತ್ತೆ ಬಂದರಾಯಿತು.